ಮೂವತ್ತೇಳನೆಯ ಕೈ

ಮಂಗಳವಾರ ಬೆಳಿಗ್ಗೆ ಒಂಬತ್ತು ನಲವತ್ತಕ್ಕೆ ಲಾಂಡ್ರಿಯ ಒಡತಿ ಠಾಣೆಯ ಮೆಟ್ಟಿಲು ಹತ್ತಿ ಬಂದಳು. ಊರಿನ ಮೇಲೆ ಕವಿದ ಮಂಜು ಇನ್ನೂ ಸರಿದಿರಲಿಲ್ಲ. ಒದ್ದೆ ಟವೆಲಿನಲ್ಲಿ ಏನನ್ನೋ ಸುತ್ತಿ, ಎಳೆಗೂಸನ್ನು ಎತ್ತಿಕೊಂಡ ಹಾಗೆ ಎದೆಗೆ ಒತ್ತಿಕೊಂಡಿದ್ದಳು.

“ಆಟದ ಸಾಮಾನು ಅಂದ್ಕೊಂಡಿದ್ದೆ ಸಾರ್. ಆಮೇಲೆ ಅದೇ ಕೋಟಿನ ಇನ್ನೊಂದು ಜೇಬಲ್ಲಿ ಇದು ಸಿಕ್ತು,” ಎಂದು ಮುಷ್ಟಿ ಬಿಚ್ಚಿದಳು. ಅಂಗೈಯಲ್ಲಿ ಒಂದು ತೋಟಾ. ದಫೇದಾರ ಕುರ್ಚಿಯನ್ನು ಮೆಲ್ಲಗೆ ಹಿಂದಕ್ಕೆ ಸರಿಸಿಕೊಂಡ.

ಇನ್‌ಸ್ಪೆಕ್ಟರ್ ಟವೆಲು ಬಿಡಿಸಿದರು. ಬೂದು ಬಣ್ಣದ ಪ್ಲಾಸ್ಟಿಕ್ ಪಿಸ್ತೂಲು. ಮನೆಯ ಮೇಜಿನ ಮೇಲೆ ಕೂರುವಂಥ ಪ್ರಿಂಟರ್ ಯಂತ್ರದಲ್ಲಿ ಪದರದ ಮೇಲೆ ಪದರವಾಗಿ, ಗೆದ್ದಲು ಹುತ್ತ ಕಟ್ಟಿದ ಹಾಗೆ ಬೆಳೆದ ವಸ್ತು. ಬಿಸಿನೀರಲ್ಲಿ ಬೆಂದು ಅದರ ನಳಿಗೆ ತೂಕಡಿಸುವವನ ಕತ್ತಿನಂತೆ ಒಂದು ಕಡೆಗೆ ವಾಲಿತ್ತು. ದಪ್ಪನೆಯ ಹಿಡಿ ಮಾತ್ರ ಹಾಗೇ ಉಳಿದಿತ್ತು.

“ಕೋಟು ಯಾರದಮ್ಮ?”

“ಗೊತ್ತಿಲ್ಲ ಸಾರ್. ಶನಿವಾರ ಜನಜಂಗುಳಿ. ಬಾಗಿಲ ಹತ್ರದ ಬುಟ್ಟೀಲಿ ಯಾರೋ ಹಾಕಿ ಹೋಗಿದ್ದಾರೆ, ಚೀಟಿನೂ ತಗೊಂಡಿಲ್ಲ. ಹೆಂಗಸರ ಕೋಟು.”

“ಜೇಬು ನೋಡದೆ ನೀರಿಗೆ ಹಾಕಿದ್ರಾ?” ಎಂದ ದಫೇದಾರ.

“ನಿಮ್ಮೆಲ್ಲರ ಜೇಬು ತಡಕ್ತಾ ಕೂತ್ರೆ ನನ್ನ ಕೆಲಸ ಆಗುತ್ತಾ ಅಣ್ಣ? ಹೋದ ವಾರ ನಿಮ್ಮ ಯೂನಿಫಾರ್ಮಲ್ಲೇ ಅರ್ಧ ತಿಂದ ಬನ್ ಸಿಕ್ತು.”

ಹತ್ತೂಕಾಲಿಗೆ ಎಫ್‌ಐಆರ್ ದಾಖಲಾಯಿತು. ಹನ್ನೊಂದೂವರೆಗೆ ಲಾಂಡ್ರಿಯಲ್ಲಿ ಪಂಚನಾಮೆ. ಒಳಗೆಲ್ಲ ಬಿಳಿ ಹಬೆ. ಹಗ್ಗಕ್ಕೆ ತೂಗಿದ ಅಂಗಿಗಳು ಅದರೊಳಗೆ ಯಾರನ್ನೋ ಕಾಯುತ್ತಿರುವ ಜನರಂತೆ ನಿಂತಿದ್ದವು. ದಫೇದಾರ ಬರೆದುಕೊಂಡ: ನೀಲಿ ಉಣ್ಣೆ ಕೋಟು ಒಂದು, ಪಿಸ್ತೂಲು ಒಂದು, ಜೀವಂತ ತೋಟಾ ಒಂದು, ಎಡ ಜೇಬಿನಲ್ಲಿ ಕಾಗದದ ಮುದ್ದೆ, ಓದಲು ಬರುವುದಿಲ್ಲ.

ಇನ್‌ಸ್ಪೆಕ್ಟರರ ಮೇಜಿನ ಮೇಲೆ ಒಂದು ವಾರದಿಂದ ಮೇಲಿನ ಕಚೇರಿಯ ಸುತ್ತೋಲೆ ಬಿದ್ದಿತ್ತು. ಲೈಸೆನ್ಸಿಲ್ಲದೆ ಬಂದೂಕು ಮಾಡುವುದು ಹೇಗೂ ಅಪರಾಧವೇ. ಇನ್ನು ಮುಂದೆ ಇಂಥ ಪ್ರಿಂಟರುಗಳನ್ನೂ ಒಂದೊಂದಾಗಿ ನೋಂದಾಯಿಸಬೇಕೇ, ಶುಕ್ರವಾರದೊಳಗೆ ಅಭಿಪ್ರಾಯ ತಿಳಿಸಿ ಎಂದಿತ್ತು.

“ನೋಂದಾಯಿಸಲಿ ಸಾರ್, ಸ್ಕೂಟರಿಗಿಲ್ವಾ?” ಎಂದ ದಫೇದಾರ. ಠಾಣೆಯಲ್ಲಿ ಅವನಿಗೆ ಪುರಾಣ ಎಂದೇ ಹೆಸರು. ಗಂಟೆ ಎಷ್ಟೆಂದು ಕೇಳಿದರೆ ಗಡಿಯಾರ ಹುಟ್ಟಿದ ಕತೆಯಿಂದ ಶುರುಮಾಡುವವನು. “ಆದ್ರೆ ಸ್ಕೂಟರಿನ ಚಿತ್ರ ಇದ್ರೆ ಸ್ಕೂಟರ್ ಹುಟ್ಟಲ್ಲ. ಇದರ ಚಿತ್ರ ಇದ್ರೆ ಸಾಕಂತೆ, ಇದು ಹುಟ್ಟುತ್ತಂತೆ. ಚಿತ್ರಕ್ಕೆ ಹೇಗೆ ಸಾರ್ ಬೇಡಿ ಹಾಕೋದು?”

ಇನ್‌ಸ್ಪೆಕ್ಟರ್ ಸುತ್ತೋಲೆಯನ್ನು ಕಡತದ ಕೆಳಗೆ ಸರಿಸಿದರು.

ಬುಧವಾರ ಸಂಜೆ ವಿಧಿವಿಜ್ಞಾನ ಪ್ರಯೋಗಾಲಯದ ವರದಿ ಬಂತು. ತೊಳೆಯುವ ಮೊದಲು ಒಂದು ಗುಂಡನ್ನಾದರೂ ಹಾರಿಸಬಲ್ಲ ಪಿಸ್ತೂಲು, ಬೆರಳಚ್ಚು ಉಳಿದಿಲ್ಲ. ಜೊತೆಗೆ, ಇನ್‌ಸ್ಪೆಕ್ಟರ್ ಕೇಳಿಕೊಂಡಿದ್ದಂತೆ, ಪಿಸ್ತೂಲಿನ ಹಿಡಿಯ ತದ್ರೂಪಿ ಅಚ್ಚೊಂದನ್ನು ತೆಗೆದು ಕಳಿಸಿದ್ದರು. ಮಂಗಳವಾರದಿಂದ ಆ ಹಿಡಿ ಅವರ ಮನಸ್ಸಿನಿಂದ ಇಳಿದಿರಲಿಲ್ಲ. ಅದು ಅವರ ಕೈಗೆ ಕೂರುತ್ತಿರಲಿಲ್ಲ. ಕೊನೆಯ ಎರಡು ಬೆರಳು ಬರುವಲ್ಲಿ ಹೊಟ್ಟೆ ಉಬ್ಬಿಕೊಂಡಿತ್ತು, ಮಡಚಲಾಗದ ಬೆರಳುಗಳು ಸುಮ್ಮನೆ ಒರಗಿಕೊಳ್ಳಲಿ ಎಂಬಂತೆ. ಅಂಚುಗಳನ್ನೆಲ್ಲ ಉಜ್ಜಿ ಉಜ್ಜಿ ನುಣುಪು ಮಾಡಿತ್ತು. ಕೊಲ್ಲಲೆಂದು ಇರುವ ವಸ್ತುವನ್ನು ಚರ್ಮಕ್ಕೆ ನೋವಾಗದ ಹಾಗೆ ಮಾಡಿದವನು ಯಾರಪ್ಪಾ ಎಂದು ಅವರಿಗೆ ಅಚ್ಚರಿ.

ದಫೇದಾರ ಅಚ್ಚನ್ನು ಕೈಗೆತ್ತಿಕೊಂಡವನೇ ಸುಮ್ಮನಾದ. ಅವನು ಸುಮ್ಮನಾದದ್ದೇ ದೊಡ್ಡ ಸುದ್ದಿ.

“ಸಾರ್, ನಮ್ಮತ್ತೆ ಚಮಚ ಹೀಗೇ ಇದೆ. ಪಾರ್ಶ್ವವಾಯು ಬಡಿದ ಮೇಲೆ ಆಸ್ಪತ್ರೆ ಹಿಂದಿನ ಹಿಡಿಯಜ್ಜ ಮಾಡಿಕೊಟ್ಟಿದ್ದು. ಈಗ ಊಟಕ್ಕೂ ಅದೇ, ನನಗೆ ಬಡಿಯೋದಕ್ಕೂ ಅದೇ.”

ಗುರುವಾರ ಹನ್ನೊಂದು ಗಂಟೆಗೆ ಇಬ್ಬರೂ ಅಲ್ಲಿಗೆ ಹೋದರು. ಉದ್ದನೆಯ ಕೋಣೆ, ಒಂದೇ ಕಿಟಕಿ. ಮೂಲೆಯಲ್ಲಿ ಪ್ರಿಂಟರ್ ಸಣ್ಣಗೆ ಗುನುಗುತ್ತ ಯಾರಿಗೋ ಚಮಚದ ಹಿಡಿ ಕಟ್ಟುತ್ತಿತ್ತು. ಗೋಡೆಯುದ್ದಕ್ಕೂ ಕಪಾಟು, ಕಪಾಟಿನ ತುಂಬ ಪ್ಲಾಸ್ಟರಿನ ಬಿಳಿ ಕೈಗಳು. ಸೊಟ್ಟಗಾದವು, ಬೆರಳಿಲ್ಲದವು, ಮುಷ್ಟಿ ಬಿಚ್ಚದವು. ಪ್ರತಿಯೊಂದಕ್ಕೂ ಒಂದು ಸಂಖ್ಯೆ. ಕಿಟಕಿಯ ಬೆಳಕು ಬಿದ್ದಾಗ ಅವೆಲ್ಲ ಒಟ್ಟಿಗೆ ಏನನ್ನೋ ಬೇಡುತ್ತಿರುವಂತೆ ಕಂಡು, ಇನ್‌ಸ್ಪೆಕ್ಟರ್ ತಿಳಿಯದೆಯೇ ಟೋಪಿ ತೆಗೆದರು.

“ಇಷ್ಟೊಂದು ಯಾಕಜ್ಜ?”

“ಬಂದವರ ಕೈ ಅಚ್ಚು ತೆಗೆದು, ಅದಕ್ಕೆ ಕೂರುವ ಹಾಗೆ ಹಿಡಿ ಮಾಡ್ತೀನಿ. ಕೆಲಸ ಮುಗಿದರೂ ಎಸೆಯೋದಿಲ್ಲ. ದೇವರು ಕೊಟ್ಟ ಕೈ ಸ್ವಾಮಿ, ಕಸದ ತೊಟ್ಟಿಗೆ ಹೇಗೆ ಹಾಕ್ಲಿ?”

ಇನ್‌ಸ್ಪೆಕ್ಟರ್ ಚೀಲದಿಂದ ಅಚ್ಚು ತೆಗೆದರು. ಅಜ್ಜ ಅದನ್ನು ನೋಡಿದ. ಮತ್ತೆ ಯಂತ್ರದ ಕಡೆ ತಿರುಗಿ ನಿಂತ.

ಒಂದೊಂದೇ ಕೈಗೆ ಹಿಡಿಯನ್ನು ಇಡುತ್ತ ಹೋದರು. ಯಾವುದೋ ಕನಸಿನಲ್ಲಿ ಸಾಲಾಗಿ ನಿಂತವರಿಗೆಲ್ಲ ಹಸ್ತಲಾಘವ ಕೊಡುತ್ತಿರುವಂತೆ ಅನ್ನಿಸಿತು. ಮೂವತ್ತೇಳನೆಯ ಕೈಗೆ ಇಟ್ಟಾಗ ಅದು ಹೋಗಿ ಕೂತುಬಿಟ್ಟಿತು, ಗೂಡಿಗೆ ಹಕ್ಕಿ ಕೂತ ಹಾಗೆ.

“ಯಾರ ಕೈ ಇದು?”

ಅಜ್ಜ ಯಂತ್ರದ ಪಕ್ಕದಲ್ಲಿದ್ದ ಅಳತೆ ಪುಸ್ತಕದ ಮೇಲೆ ಅಂಗೈ ಊರಿದ.

“ಅಳತೆ ಪುಸ್ತಕ ತೆರೆದ್ರೆ ಗೊತ್ತಾಗುತ್ತೆ. ನೀವೇ ಹೇಳಿ.”

“ಮಾಡಿದವನು ನಾನು. ಹಾಳು ಸಾಮಾನು, ನಾನೇ ಮಾಡಿದೆ. ಆ ಕೈನ ಬಿಟ್ಬಿಡಿ ಸ್ವಾಮಿ.”

ದಫೇದಾರನನ್ನು ಅಲ್ಲೇ ಕೂರಿಸಿ ಇನ್‌ಸ್ಪೆಕ್ಟರ್ ಹನ್ನೆರಡೂವರೆಗೆ ಪುಸ್ತಕದಲ್ಲಿದ್ದ ವಿಳಾಸ ಹುಡುಕಿಕೊಂಡು ಹೋದರು. ಮೂರನೇ ಮಹಡಿ. ಬಾಗಿಲ ಚೌಕಟ್ಟು ಚಿಲಕದ ಹತ್ತಿರ ಸೀಳಿತ್ತು. ತೆರೆದವಳು ಮಕ್ಕಳಿಗೆ ಕೈಬರಹ ಕಲಿಸುತ್ತಿದ್ದ ಟೀಚರು. ಬಲಗೈಯ ಕೊನೆಯ ಎರಡು ಬೆರಳು ಮರಗಟ್ಟಿದ್ದವು.

“ಲೇಟಾಗಿ ಬಂದ್ರಿ. ಕೋಟಲ್ಲಿ ಕಾಗದ ಇಟ್ಟಿದ್ದೆ.”

“ನೀರಲ್ಲಿ ಮುದ್ದೆಯಾಗಿತ್ತಮ್ಮ. ಏನಿತ್ತು ಅದರಲ್ಲಿ?”

“ನನ್ನ ಹೆಸರು, ವಿಳಾಸ. ಎಡಗೈಯಲ್ಲಿ ಬರೆದಿದ್ದೆ. ಈ ಸಾಮಾನು ನನ್ನದು, ಬಂದು ಹಿಡ್ಕೊಂಡು ಹೋಗಿ ಅಂತ.” ಆಕೆ ಸಣ್ಣಗೆ ನಕ್ಕಳು. “ಲಾಂಡ್ರಿಯವಳು ಜೇಬು ನೋಡೇ ನೋಡ್ತಾಳೆ ಅಂದ್ಕೊಂಡಿದ್ದೆ.”

“ಯಾಕೆ ಹೀಗೆ ಮಾಡಿದ್ರಿ?”

“ಇಟ್ಕೊಂಡ್ರೆ ಒಂದು ದಿನ ಹೊಡೆದೇ ಬಿಡ್ತೀನಿ ಅಂತ ಭಯ ಆಯ್ತು. ಎಸೆದ್ರೆ ಯಾರ ಕೈಗೆ ಸಿಗುತ್ತೋ. ಠಾಣೆಗೆ ತರೋಣ ಅಂದ್ರೆ ಆ ಮೆಟ್ಟಿಲು ಮತ್ತೆ ಹತ್ತೋಕೆ ಕಾಲು ಬರಲಿಲ್ಲ.”

“ಮತ್ತೆ ಅಂದ್ರೆ?”

ಆಕೆ ಒಳಗಿನಿಂದ ಮೂರು ಕಾಗದ ತಂದು ಮೇಜಿನ ಮೇಲೆ ಸಾಲಾಗಿ ಇಟ್ಟಳು. ತನ್ನ ಬೆರಳು ಮುರಿದ ಗಂಡನ ಮೇಲೆ ಮೂರು ಸಲ ಕೊಟ್ಟ ದೂರಿಗೆ ಮೂರು ಹಿಂಬರಹ. ‘ಕೌಟುಂಬಿಕ ವಿಷಯ, ತಿಳಿಹೇಳಿ ಕಳಿಸಲಾಗಿದೆ.’ ಮೂರನೆಯದರ ಕೆಳಗೆ ಇನ್‌ಸ್ಪೆಕ್ಟರರ ಸಹಿ ಇತ್ತು. ಅಕ್ಷರ ತಮ್ಮದೇ. ಆ ದಿನದ ಈಕೆಯ ಮುಖ ಎಷ್ಟು ಯೋಚಿಸಿದರೂ ನೆನಪಿಗೆ ಬರಲಿಲ್ಲ.

“ನಾನು ಬಂದು ಅತ್ತಾಗ ನೀವು ಕದಲಲಿಲ್ಲ,” ಎಂದಳು ಆಕೆ, ಕೋಪವಿಲ್ಲದೆ. “ಪ್ಲಾಸ್ಟಿಕ್ ಬಂದ ತಕ್ಷಣ ಮನೆ ಬಾಗಿಲಿಗೆ ಬಂದ್ರಿ. ಅಜ್ಜನ್ನ ಏನೂ ಮಾಡ್ಬೇಡಿ. ನನ್ನ ಕರ್ಕೊಂಡು ಹೋಗಿ. ಲಾಕಪ್ಪಿನ ಬಾಗಿಲನ್ನ ನನ್ನ ಗಂಡನಿಂದ ಒಡೆಯೋಕಾಗಲ್ಲ.”

ಇನ್‌ಸ್ಪೆಕ್ಟರ್ ಅಲ್ಲೇ ಕೂತು ಆಕೆಯ ದೂರನ್ನು ತಾವೇ ಕೈಯಾರೆ ಬರೆದುಕೊಂಡರು. ಎರಡು ಗಂಟೆಗೆ ಗಂಡನ ಮೇಲೆ ಎಫ್‌ಐಆರ್ ಆಯಿತು. ಮೂರಕ್ಕೆ ಅವನು ಕೆಲಸ ಮಾಡುವ ಗೋದಾಮಿನಲ್ಲೇ ಹಿಡಿದು ತಂದರು. ಮಹಿಳಾ ಕಾನ್‌ಸ್ಟೆಬಲ್ ಒಬ್ಬಳು ಟೀಚರ ಮನೆಯಲ್ಲಿ ಉಳಿದಳು. ಪಿಸ್ತೂಲನ್ನು ಆಕೆ ಸ್ವಇಚ್ಛೆಯಿಂದ ಒಪ್ಪಿಸಲು ಯತ್ನಿಸಿದ್ದಳೆಂದು ಕಡತದಲ್ಲಿ ನಮೂದಿಸಿ, ಉಳಿದದ್ದನ್ನು ನ್ಯಾಯಾಲಯಕ್ಕೆ ಬಿಟ್ಟರು.

ನಾಲ್ಕಕ್ಕೆ ಮತ್ತೆ ಅಜ್ಜನ ಕೋಣೆ. ತೋಟಾ ಎಲ್ಲಿಂದ ಬಂತೆಂದು ಕೇಳಿದಾಗ, ತೀರಿಕೊಂಡ ಅಣ್ಣನ ಪೆಟ್ಟಿಗೆಯಲ್ಲಿತ್ತು, ಅವನು ಬೇಟೆಯವನು ಎಂದ.

“ಇನ್ನು ಇಪ್ಪತ್ತು ನಿಮಿಷ ಸ್ವಾಮಿ. ಈ ಚಮಚ ಮುಗಿದುಬಿಡಲಿ. ನಾಳೆ ಒಬ್ಬರು ಬರ್ತಾರೆ.”

ಇನ್‌ಸ್ಪೆಕ್ಟರ್ ಸ್ಟೂಲೆಳೆದು ಕೂತರು. ಯಂತ್ರ ಗುನುಗುತ್ತಲೇ ಇತ್ತು. ಯಾರೂ ಅವಸರ ಮಾಡಲಿಲ್ಲ.

“ಇಂಥ ಯಂತ್ರಗಳನ್ನ ನೋಂದಾಯಿಸಬೇಕಾ ಅಂತ ನನ್ನ ಕೇಳಿದ್ದಾರೆ ಅಜ್ಜ.”

“ನೋಂದಾಯಿಸಿದ್ರೆ ಈ ಕೈಗಳೆಲ್ಲ ಚಮಚಕ್ಕೂ ಅರ್ಜಿ ಹಿಡಿದು ಕಾಯ್ಬೇಕು. ಬಿಟ್ರೆ ನನ್ನಂಥವನೇ ಇನ್ನೊಬ್ಬ ಇನ್ನೊಂದು ಮಾಡ್ತಾನೆ. ಎರಡೂ ನಿಜ.” ಅಜ್ಜ ಕನ್ನಡಕ ಒರೆಸಿಕೊಂಡ. “ನನ್ನನ್ನೇ ಕೇಳಿದ್ರೆ, ನೋಂದಾಯಿಸಿ. ನನ್ನ ಕೈಯನ್ನೇ ನಾನು ತಡೀಲಿಲ್ಲವಲ್ಲ.”

ನಾಲ್ಕು ಇಪ್ಪತ್ತಕ್ಕೆ ಚಮಚ ಮುಗಿಯಿತು. ಅಜ್ಜ ಅದರ ಅಂಚು ಉಜ್ಜಿ, ಕೆನ್ನೆಗೆ ಒತ್ತಿ ನೋಡಿ, ಕಿಟಕಿಯಲ್ಲಿಟ್ಟ. ನಾಲ್ಕು ಮೂವತ್ತೈದಕ್ಕೆ ದಸ್ತಗಿರಿ. ಅವನ ಹೇಳಿಕೆಯನ್ನು ದಫೇದಾರ ಒಂದು ಪುರಾಣವನ್ನೂ ಸೇರಿಸದೆ ಬರೆದುಕೊಂಡ:

‘ಆಕೆಗೆ ಮೊದಲು ಚಮಚ ಮಾಡಿಕೊಟ್ಟೆ. ಬಾಚಣಿಗೆ ಮಾಡಿಕೊಟ್ಟೆ. ಬರೆಯಲು ಪೆನ್ನಿಗೊಂದು ಹಿಡಿ ಮಾಡಿಕೊಟ್ಟೆ. ಬೆರಳಲ್ಲಿ ಬಲವಿಲ್ಲದಿದ್ದರೂ ಒಳಗಿನಿಂದ ಭದ್ರವಾಗಿ ಹಾಕಿಕೊಳ್ಳಲಿ ಎಂದು ಚಿಲಕಕ್ಕೂ ಮಾಡಿಕೊಟ್ಟೆ. ಅವನು ಆ ಚಿಲಕವನ್ನೂ ಮುರಿದುಕೊಂಡು ಬಂದ. ಆಮೇಲೆ ಆ ಕೈಗೆ ಇನ್ನೇನು ಕೊಡಬೇಕೆಂದು ನನಗೆ ಹೊಳೆಯಲಿಲ್ಲ.’