ರೋಸಾ ಬರೆದ ಔಟ್

"ಅಜ್ಜೀ! ಇದಕ್ಕೆ ಯಾಕೆ ಕುಂಕುಮ ಹಚ್ಚಿದ್ರಿ?"

ಸಿಂಧೂರ ಕಿರುಚಿದ್ದು ಕೇಳಿ ಅಜ್ಜಿ ಪ್ರೇಮವ್ವ ಅಡುಗೆಮನೆಯಿಂದ ಓಡಿ ಬಂದರು.

"ಯಾಕವ್ವಾ, ದಸರಾ ಅಲ್ಲೇನು? ನಿನ್ನ ಮೇಜಿನ ಮ್ಯಾಲಿದ್ದ ಪುಸ್ತಕ ಎಲ್ಲಾ ಪೂಜಾಕ್ಕ ಇಟ್ಟೀನಿ."

"ಇದು ನನ್ನ ಬುಕ್ ಅಲ್ಲ! ಮಿಸ್ಟರ್ ಒರ್ಟೇಗಾ ಅವರ ಸ್ಕೋರ್‌ಕಾರ್ಡ್! ಇವತ್ತೇ ರಿಟರ್ನ್ ಮಾಡ್ಬೇಕು!"

ಪಕ್ಕದ ಮನೆಯ ಒರ್ಟೇಗಾ ತಾತ ಅದನ್ನು ಸ್ಕೂಲ್ ಪ್ರಾಜೆಕ್ಟಿಗೆಂದು ಕೊಟ್ಟಿದ್ದರು. ಐವತ್ತು ವರ್ಷದ ಹಿಂದೆ ಇಲ್ಲೇ ಸ್ಯಾನ್ ಡಿಯಾಗೋದಲ್ಲಿ ನಡೆದ ಬೇಸ್‌ಬಾಲ್ ಮ್ಯಾಚು. ಅವರ ಹೆಂಡತಿ ರೋಸಾ ಸ್ಟೇಡಿಯಮ್ಮಿನಲ್ಲಿ ಕೂತು ಒಂದೊಂದು ಚೌಕದಲ್ಲೂ ಪೆನ್ಸಿಲ್ಲಿನಿಂದ ಆಟ ಬರೆದಿಟ್ಟಿದ್ದರು. ಹೋದ ವರ್ಷ ರೋಸಾ ತೀರಿಕೊಂಡರು. "ಜೋಪಾನ" ಎಂದು ತಾತ ಎರಡು ಸಲ ಹೇಳಿದ್ದರು. ಆ ಕೈಬರಹ ಅಂದರೆ ಅವರಿಗೆ ಜೀವ.

ಈಗ ನೋಡಿದರೆ ಕೊನೆಯ ಚೌಕದ ಮೇಲೇ ಒದ್ದೆ ಕುಂಕುಮ! ಸಿಂಧೂರ ಟಿಶ್ಯೂನಿಂದ ಒರೆಸಿದಳು. ಅಯ್ಯೋ, ಕೆಂಪು ಇನ್ನಷ್ಟು ಹರಡಿತು. ಅಳು ಉಕ್ಕಿ ಬಂತು.

"ಬಾಗಿಲ ಹತ್ರ ಇಟ್ಟು ಓಡಿಬಿಡ್ಲಾ?"

"ಹುಚ್ಚಿ! ತಪ್ಪು ನಂದು. ನಡಿ, ನಾನೂ ಬರ್ತೀನಿ."

ಒರ್ಟೇಗಾ ತಾತ ಕನ್ನಡಕ ಹಾಕಿಕೊಂಡು ಕಾರ್ಡನ್ನೇ ನೋಡಿದರು.

"ಸಾರಿ," ಎಂದಳು ಸಿಂಧೂರ. "ನಾವು ಓದೋ ಬುಕ್ಸ್‌ಗೆಲ್ಲ ಪೂಜೆ ಮಾಡ್ತೀವಿ. ಅಜ್ಜಿ ಇದನ್ನೂ ಬುಕ್ ಅಂದ್ಕೊಂಡ್ರು."

"ಈ ಚೌಕದಲ್ಲಿ ಏನಿತ್ತು ಗೊತ್ತಾ?" ತಾತ ಇಂಗ್ಲಿಷಿನಲ್ಲಿ ಹೇಳತೊಡಗಿದರು. ಸಿಂಧೂರ ಅದನ್ನು ಅಜ್ಜಿಗೆ ಕನ್ನಡ ಮಾಡುತ್ತ ಹೋದಳು.

"ಒಂಬತ್ತು ಇನಿಂಗ್ಸ್‌ಗೆ ಮುಗೀಬೇಕಿತ್ತು, ಆದ್ರೆ ಟೈ. ಆಟ ಎಳೀತಾನೇ ಹೋಯ್ತು. ಹದಿಮೂರನೇದ್ರಲ್ಲಿ ಲಾಸ್ ಏಂಜಲೀಸ್ ಒಂದು ರನ್ ಮುಂದೆ. ಆಮೇಲೆ ನಮ್ಮ ಸ್ಯಾನ್ ಡಿಯಾಗೋ ಸರದಿ. ಇಬ್ಬರು ಔಟ್, ಇನ್ನೊಬ್ಬ ಔಟಾದ್ರೆ ಸೋಲು. ಮೂರನೇ ಬೇಸ್‌ನಿಂದ ನಮ್ಮವನು ಹೋಮ್ ಕಡೆ ಓಡಿದ, ಮುಟ್ಟಿದ್ರೆ ಒಂದು ರನ್. ಧೂಳೋ ಧೂಳು! ಅವನು ಹೋಮ್ ಮುಟ್ಟಿದ್ದೂ ಚೆಂಡು ಬಂದಿದ್ದೂ ಒಟ್ಟಿಗೇ!"

"ಮುಂದ ಏನಾತು? ಲಗೂನ ಕೇಳು!" ಅಜ್ಜಿ ಸಿಂಧೂರಳ ಕೈ ಹಿಂಡಿದರು.

"ಅಂಪೈರ್ ಔಟ್ ಅಂದ. ಶುದ್ಧ ಸುಳ್ಳು!" ತಾತ ಮೇಜು ಗುದ್ದಿದರು. "ರೋಸಾ ಲಾಸ್ ಏಂಜಲೀಸ್‌ನವಳು. ‘ಔಟ್’ ಅಂತ ದೊಡ್ಡದಾಗಿ ಬರೆದು, ಕೆಳಗೆ ಮೂರು ಗೆರೆ ಎಳೆದಳು. ನಾನು ಜಂಬ ಕೊಚ್ಚಿದಾಗಲೆಲ್ಲ ಇದನ್ನ ನನ್ನ ಮೂಗಿನ ಮುಂದೆ ಹಿಡೀತಿದ್ಲು."

ಅವರು ಗಟ್ಟಿಯಾಗಿ ನಕ್ಕರು. "ಅಂತೂ ಆ ಔಟ್ ಮುಚ್ಚಿಹೋಯ್ತು. ಇನ್ನು ನಾವು ಸೋಲಲೇ ಇಲ್ಲ ಅಂದ್ರೂ ಕೇಳೋರು ಯಾರಿದ್ದಾರೆ?"

ನಗು ಅಲ್ಲೇ ನಿಂತಿತು. ತಾತ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು.

ಮತ್ತೊಮ್ಮೆ ಸಾರಿ ಎನ್ನಲು ಸಿಂಧೂರ ಬಾಯಿ ತೆರೆದಳು. ಆದರೆ ಅದರ ಬದಲು ಕಾರ್ಡನ್ನು ಎತ್ತಿ ತಾತನ ಮೂಗಿನ ಮುಂದೆ ಹಿಡಿದಳು.

"ನೋ ವೇ, ಮಿಸ್ಟರ್ ಒರ್ಟೇಗಾ! ಅವನು ಔಟ್. ನೀವು ಸೋತ್ರಿ."

ತಾತ ಕಣ್ಣರಳಿಸಿದರು. "ಔಟಲ್ಲ!"

"ಔಟ್!"

ಆ ಒಂದು ಪದ ಅಜ್ಜಿಗೂ ಗೊತ್ತಿತ್ತು. "ಅಂಪೈರ್ ಔಟ್ ಅಂದಮ್ಯಾಲ ಔಟ!" ಎಂದರು ಕನ್ನಡದಲ್ಲೇ.

ತಾತ ಎರಡು ಕುರ್ಚಿ ಎಳೆದು ಹಾಕಿದರು. ಮೊದಲನೇ ಇನಿಂಗ್ಸಿನಿಂದಲೇ ಜಗಳ ಶುರುವಾಯಿತು.