ನೆಲದಡಿಯ ಹನ್ನೊಂದು ಕಾಲುಚೀಲ

೨೦೧೪ರ ಅಕ್ಟೋಬರ್ ೧೪, ಮಂಗಳವಾರ. ಬೆಳಿಗ್ಗೆ ೮.೪೦ಕ್ಕೆ ಅಮೆರಿಕದ ಟಾರ್ವಿಲ್ ನಗರ ಗ್ರಂಥಾಲಯದ ನಿರ್ದೇಶಕ ಡೆಲ್ಮಾರ್ ಕೀಸ್ಲಿಂಗ್ ಪೊಲೀಸ್ ಠಾಣೆಗೆ ಬಂದು ಲಿಖಿತ ದೂರು ಕೊಟ್ಟರು. ಸೆಪ್ಟೆಂಬರ್ ಮೊದಲ ವಾರದಿಂದ ಗ್ರಂಥಾಲಯದಲ್ಲಿ ತಡೆಯಲಾರದ ದುರ್ವಾಸನೆ; ಶನಿವಾರ ಆರೋಗ್ಯ ಇಲಾಖೆಯವರು ಓದುಗರಿಗೆ ಬಾಗಿಲು ಮುಚ್ಚಿಸಿದ್ದಾರೆ; ಈ ದಿನ ಬಿಸಿಗಾಳಿ ಯಂತ್ರದ ರಿಪೇರಿಗೆ ಬಂದವನು ನೆಲದ ಜಾಲರಿ ತೆಗೆದಾಗ ಕೊಳೆತ ಮಾಂಸ ತುಂಬಿದ ಕಾಲುಚೀಲಗಳು ಸಿಕ್ಕಿವೆ. ಯಾರ ಮೇಲೆ ಅನುಮಾನ ಎಂಬುದನ್ನೂ ಕೊನೆಯ ಸಾಲಿನಲ್ಲಿ ಬರೆದಿದ್ದರು: ಅಕ್ಟೋಬರ್ ೨ರಂದು ಕೆಲಸದಿಂದ ತೆಗೆದ ಸಫಾಯಿ ಹೆಂಗಸು ಪಾರ್ ತಿಯಾಲ್.

ತನಿಖೆ ವಹಿಸಿಕೊಂಡ ಸಾರ್ಜೆಂಟ್ ಲೈಲ್ ಬ್ರುಬೇಕರ್ ದೂರನ್ನು ಎರಡು ಸಲ ಓದಿದರು. ಇಪ್ಪತ್ತಾರು ವರ್ಷದ ಸರ್ವಿಸಿನ ಅವರಿಗೆ ಹೆಸರು ಬರೆದೇ ತರುವ ದೂರುಗಳೆಂದರೆ ಆಗುತ್ತಿರಲಿಲ್ಲ.

"ಅವಳನ್ನ ಯಾಕೆ ತೆಗೆದ್ರಿ?"

"ವಾಸನೆ ಅವಳ ಊಟದ್ದು ಅಂತ ಓದೋರು ಹೇಳ್ತಿದ್ರು. ಆ ಬರ್ಮಾ ಕಡೆಯೋರು ಮೀನು ಕೊಳೆಸಿ ತಿಂತಾರಲ್ಲ."

"ಓದೋರು ಹೇಳಿದ್ರೋ, ನೀವು ಹೇಳಿದ್ರೋ?"

ಕೀಸ್ಲಿಂಗ್ ಕೋಟಿನ ಗುಂಡಿ ಹಾಕಿಕೊಂಡರು. ಅವರ ಕೋಟಿನಿಂದಲೂ ಆ ವಾಸನೆ ಬರುತ್ತಿತ್ತು.

೯.೩೦ಕ್ಕೆ ಬ್ರುಬೇಕರ್ ಮತ್ತು ಕಾನ್‌ಸ್ಟೇಬಲ್ ಟೀನಾ ಓಲ್‌ಹೌಸ್ ಸ್ಥಳಕ್ಕೆ ಹೋದರು. ವಾಸ್ತುಶಿಲ್ಪಿ ಹಾಲ್ವರ್ಸನ್ ಕಟ್ಟಿದ ಗ್ರಂಥಾಲಯ ಅದು. ಊರಿನ ತಕ್ಕಡಿ ಕಾರ್ಖಾನೆಯ ಒಡೆಯರ ಕುಟುಂಬ ಷಿಕಾಗೋದಿಂದ ಅವರನ್ನು ಕರೆಸಿ ಕಟ್ಟಿಸಿದ್ದು, ೧೯೬೨ರಲ್ಲಿ ತೆರೆದಿತ್ತು. ನಾಲ್ಕೂ ಕಡೆ ಗಾಜು, ಮೇಲೆ ಬೆತ್ತಲೆ ಕಾಂಕ್ರೀಟಿನ ತೊಲೆಗಳು, ನಟ್ಟನಡುವೆ ನೆಲದಿಂದ ಮೂರು ಮೆಟ್ಟಿಲು ಕೆಳಗಿಳಿದರೆ ದುಂಡಗಿನ ಓದುವ ಗುಳಿ. ಅದರ ಸುತ್ತ ಕಿತ್ತಳೆ ಬಣ್ಣದ ಮೆತ್ತೆ ಹಾಸಿದ ಕಲ್ಲಿನ ಆಸನ. ಆಸನದ ಕೆಳಗೆ ಉದ್ದಕ್ಕೂ ಕಂಚಿನ ಜಾಲರಿ. ಚಳಿಗಾಲದಲ್ಲಿ ಬಿಸಿಗಾಳಿ ಬರುವುದು ಅಲ್ಲಿಂದ. ಊರಿನ ಮಕ್ಕಳೆಲ್ಲ ಕಾಲು ಬೆಚ್ಚಗೆ ಮಾಡಿಕೊಂಡು ಓದು ಕಲಿತ ಜಾಗ.

ಮೊದಲ ಮೆಟ್ಟಿಲು ಇಳಿಯುತ್ತಿದ್ದಂತೆ ಟೀನಾ ಹೊರಗೆ ಓಡಿ ಹುಲ್ಲಿನ ಮೇಲೆ ವಾಂತಿ ಮಾಡಿಕೊಂಡಳು. ವಾಪಸು ಬಂದವಳು ಮೂಗಿನ ಕೆಳಗೆ ವಿಕ್ಸ್ ಬಳಿದುಕೊಂಡು ಮಹಜರು ಬರೆಯಲು ಕುಳಿತಳು. ಹನ್ನೊಂದು ಕಾಲುಚೀಲ, ಪ್ರತಿಯೊಂದರ ಬಾಯಿಗೂ ಗಂಟು. ಹತ್ತು ಚೀಲಗಳ ದ್ರವ ಸೋರಿ ಗಾಳಿಕೊಳವೆಯ ತಳದಲ್ಲಿ ಅಂಟಾಗಿ ಹರಡಿತ್ತು. ಅದರಲ್ಲಿ ಹುಳಗಳು ಹೊರಳಾಡುತ್ತಿದ್ದವು. ಹನ್ನೊಂದನೆಯದರೊಳಗಿನ ಮಾಂಸ ಇನ್ನೂ ಕೆಂಪಗಿತ್ತು. ಆರೋಗ್ಯಾಧಿಕಾರಿ ಅದನ್ನು ಬಿಡಿಸಿ ನೋಡಿ, ಹೆಚ್ಚೆಂದರೆ ಐದು ದಿನದ್ದು ಎಂದು ಬರೆದುಕೊಟ್ಟರು.

ಬ್ರುಬೇಕರ್ ಬಗ್ಗಿ ಮೂಸಿದರು. ಕೋಳಿ ರಕ್ತ, ಕೋಳಿ ಕಾರ್ಜ, ನಾರುವ ಚೀಸು, ಎಲ್ಲದರ ಮೇಲೆ ಸಿಹಿಸಿಹಿಯಾಗಿ ಸೋಂಪು.

"ಇದು ಯಾರ ಊಟಾನೂ ಅಲ್ಲ. ಕ್ಯಾಟ್‌ಫಿಶ್ ಮೀನು ಹಿಡಿಯೋಕೆ ಗಾಳಕ್ಕೆ ಹಾಕೋ ಎರೆ ಇದು. ನಮ್ಮಪ್ಪ ಇದನ್ನ ಗ್ಯಾರೇಜಲ್ಲಿ ಇಟ್ಟು ನಮ್ಮಮ್ಮನ ಕೈಲಿ ಬೈಸ್ಕೋತಿದ್ದ," ಎಂದು ಅವರು ಟೀನಾಗೆ ಹೇಳಿದರು.

ಪಾರ್ ತಿಯಾಲ್ ಈಗ ಊರ ಹೊರಗಿನ ಬಾತುಕೋಳಿ ಕಡಿಯುವ ಕಾರ್ಖಾನೆಯಲ್ಲಿ ಕೆಲಸಕ್ಕೆ ಸೇರಿದ್ದಳು. ಮಧ್ಯಾಹ್ನ ೧೨.೧೫ಕ್ಕೆ, ಅವಳ ಊಟದ ಬಿಡುವಿನಲ್ಲಿ, ಕಾರು ನಿಲ್ಲಿಸುವ ಜಾಗದಲ್ಲೇ ವಿಚಾರಣೆ ನಡೆಯಿತು. ನಲವತ್ತರ ಹೆಂಗಸು; ರಬ್ಬರಿನ ಬೂಟಿಗೆ ಗರಿ ಅಂಟಿತ್ತು. ವಾಸನೆ ಗುಳಿಯ ಕೆಳಗಿನಿಂದ ಬರುತ್ತಿದೆ, ಜಾಲರಿ ತೆಗೆಸಿ ಎಂದು ಕೀಸ್ಲಿಂಗ್‌ಗೆ ಮೂರು ಸಲ ಹೇಳಿದೆ ಎಂದಳು. ಮೂರನೆಯ ಸಲ ಅವರು ಎಲ್ಲರೆದುರು ಅವಳ ಊಟದ ಡಬ್ಬಿಯನ್ನು ಬಿಚ್ಚಿಸಿ ನೋಡಿದರಂತೆ.

"ಡಬ್ಬೀಲಿ ಏನಿತ್ತು?"

"ಅನ್ನ, ಮೊಟ್ಟೆ."

"ಬೀಗದ ಕೈ?"

"ಅವತ್ತೇ ಕಿತ್ಕೊಂಡ್ರು ಸರ್. ಸಹಿ ಹಾಕಿಸ್ಕೊಂಡಿದಾರೆ." ಬೂಟಿನ ಗರಿ ಕಿತ್ತುಹಾಕುತ್ತ ಹೇಳಿದಳು: "ಇಲ್ಲಿ ಯಾರೂ ನನ್ನ ವಾಸನೆ ಹಿಡಿಯಲ್ಲ. ಎಲ್ರೂ ಒಂದೇ ಥರ ನಾರ್ತೀವಿ."

ಅವಳು ಬೀಗದ ಕೈ ಒಪ್ಪಿಸಿ ಹನ್ನೆರಡು ದಿನವಾಗಿತ್ತು. ಕೊನೆಯ ಚೀಲಕ್ಕೆ ಐದೇ ದಿನ. ಬ್ರುಬೇಕರ್ ಕೀಸ್ಲಿಂಗ್‌ಗೆ ಫೋನ್ ಮಾಡಿ, ಪಾರ್ ಮೇಲಿನ ಅನುಮಾನಕ್ಕೆ ಆಧಾರವಿಲ್ಲ, ಇದನ್ನು ಊರಿಗೆ ತಿಳಿಸುವುದು ನಿಮ್ಮ ಜವಾಬ್ದಾರಿ ಎಂದರು. ಪ್ರಕರಣ ಮುಗಿಯಲಿ, ಆಮೇಲೆ ನೋಡೋಣ ಎಂದು ಆ ಕಡೆಯಿಂದ ಉತ್ತರ ಬಂತು. ಬ್ರುಬೇಕರ್ ಫೋನ್ ಇಟ್ಟು ಅಂಗೈಯನ್ನು ಪ್ಯಾಂಟಿಗೆ ಒರೆಸಿಕೊಂಡರು.

ಬುಧವಾರ ಬೆಳಿಗ್ಗೆ ಜಾಲರಿಯ ತಿರುಪುಗಳನ್ನು ಪರಿಶೀಲಿಸಿದರು. ಹಾಲ್ವರ್ಸನ್‌ಗೆ ಅಂಗಡಿಯಲ್ಲಿ ಸಿಗುವ ತಿರುಪು ಕಂಡರಾಗುತ್ತಿರಲಿಲ್ಲವಂತೆ. ಎರಡು ತೂತಿನ ತಿರುಪುಗಳನ್ನು ತಾವೇ ನಕ್ಷೆ ಬರೆದು ಮಾಡಿಸಿದ್ದರು. ಅದನ್ನು ಬಿಚ್ಚಲು ಕವಲಿನ ಸ್ಪ್ಯಾನರೇ ಬೇಕು. ಅಂಥವು ಇದ್ದದ್ದು ಎರಡೇ. ಒಂದು ಯಂತ್ರದ ಕೋಣೆಯ ಗೋಡೆಯಲ್ಲಿ ನೇತಾಡುತ್ತಿತ್ತು. ಅದರ ಮೇಲೆ ರಿಪೇರಿಯವನ ಕೈಗುರುತು ಮಾತ್ರ, ಉಳಿದೆಡೆ ಹಳೆಯ ಧೂಳು ಹಾಗೇ ಇತ್ತು. ಇನ್ನೊಂದು, ಕಟ್ಟಡ ತೋರಿಸುವ ಗೈಡ್‌ಗಳ ಮೇಜಿನ ಪಕ್ಕ, ಗಾಜಿನ ಪೆಟ್ಟಿಗೆಯೊಳಗೆ ಮಖಮಲ್ಲಿನ ಮೇಲೆ ಪ್ರದರ್ಶನಕ್ಕಿತ್ತು. ಟೀನಾ ಅದನ್ನು ಚಿಮಟಿಯಲ್ಲಿ ಎತ್ತಿದಳು. ಕವಲಿನ ಸಂದಿಯಲ್ಲಿ ಕೊಬ್ಬಿನ ಪಸೆ. ಮಖಮಲ್ಲಿಗೂ ಸೋಂಪಿನ ವಾಸನೆ ಹಿಡಿದಿತ್ತು.

ಪೆಟ್ಟಿಗೆಯ ಬೀಗದ ಕೈ ಮೂವರ ಬಳಿ ಇತ್ತು. ಒಬ್ಬರು ಕೀಸ್ಲಿಂಗ್. ಇನ್ನೊಬ್ಬರು ಗೈಡ್ ಆರ್ವಿಲ್ ಟಿಪ್ಟನ್, ಜುಲೈನಲ್ಲಿ ಸೊಂಟ ಮುರಿದುಕೊಂಡು ಇನ್ನೂ ಮಂಚ ಬಿಟ್ಟಿರಲಿಲ್ಲ. ಮೂರನೆಯವರು ಆರ್ಡಿತ್ ಫೆಲ್ಟ್ನರ್, ಎಪ್ಪತ್ತೆರಡು ವರ್ಷದ ವಿಧವೆ, ಹತ್ತೊಂಬತ್ತು ವರ್ಷದಿಂದ ಗೈಡ್. ಬ್ರುಬೇಕರ್ ಅವರ ಹೆಸರಿನ ಕೆಳಗೆ ಗೆರೆ ಎಳೆಯಲಿಲ್ಲ. ಆ ಹೆಂಗಸು ಇಂಥದ್ದು ಮಾಡಿಯಾರೆಂದು ಅವರಿಗೆ ನಂಬಲಾಗಲಿಲ್ಲ.

ಗುರುವಾರ ನದಿ ದಂಡೆಯ ಎರೆ ಅಂಗಡಿಗೆ ಹೋದರು. ಅಂಗಡಿಯ ಡಬ್ ಲಾಫ್ಲಿನ್ ಬಾಯಿ ಬಿಡಲು ಹಿಂದೆಮುಂದೆ ನೋಡಿದ. ಗಿರಾಕಿಗಳ ಹೆಸರು ಕೇಳುವ ಪದ್ಧತಿ ತನಗಿಲ್ಲ ಎಂದ. ಆದರೆ ಆಗಸ್ಟ್ ಕೊನೆಯಿಂದ ಒಬ್ಬ ಮುದುಕಿ ನಾಲ್ಕು ಸಲ ಬಂದು ಹೆಪ್ಪುಗಟ್ಟಿಸಿದ ಕೋಳಿ ರಕ್ತ ಒಯ್ದದ್ದು ನಿಜ.

"ಕಲಸಿದ್ದೇ ಡಬ್ಬೀಲಿದೆ, ತಗೊಂಡ್ಹೋಗಿ ಅಂದೆ. ಬೇಡ, ನಮ್ಮಣ್ಣ ಮಾಡ್ತಿದ್ದ ಹಾಗೆ ನಾನೇ ಮಾಡ್ಕೋತೀನಿ ಅಂದ್ಳು."

"ನೋಡಿದ್ರೆ ಗುರುತು ಹಿಡೀತೀಯಾ?"

"ಕಾಲು ಊದ್ಕೊಂಡಿತ್ತು. ಮುಖ ಅಷ್ಟಾಗಿ ನೋಡ್ಲಿಲ್ಲಪ್ಪ."

ಶನಿವಾರ, ೧೮ನೇ ತಾರೀಕು. ಗ್ರಂಥಾಲಯ ಊರಿನವರಿಗೆ ಮುಚ್ಚಿತ್ತು, ಆದರೆ ಷಿಕಾಗೋದಿಂದ ಕಟ್ಟಡ ನೋಡಲು ಒಂದು ಬಸ್ಸು ಬಂದಿತ್ತು. ತಿಂಗಳುಗಳ ಹಿಂದೆಯೇ ಗೊತ್ತುಮಾಡಿದ್ದು, ರದ್ದು ಮಾಡಲಾಗದು ಎಂದು ಕೀಸ್ಲಿಂಗ್ ಆರೋಗ್ಯಾಧಿಕಾರಿಯ ಕೈಕಾಲು ಹಿಡಿದು ಅನುಮತಿ ಪಡೆದಿದ್ದರು. ಗಾಳಿಕೊಳವೆ ತೊಳೆಸಿ ಗುಳಿಗೆಲ್ಲ ನಿಂಬೆಯ ಸುಗಂಧ ಹೊಡೆಸಿದ್ದರು. ಹೆಣಕ್ಕೆ ಅತ್ತರು ಬಳಿದಂತಿತ್ತು. ಮೂವತ್ತು ಜನ ಮೂಗಿಗೆ ಕರವಸ್ತ್ರ ಹಿಡಿದು ತೊಲೆಗಳ ಫೋಟೊ ತೆಗೆಯುತ್ತಿದ್ದರು. ಬ್ರುಬೇಕರ್ ಹಿಂದೆ ನಿಂತರು.

ಆರ್ಡಿತ್ ಫೆಲ್ಟ್ನರ್ ಗುಳಿಯ ಮೆಟ್ಟಿಲ ಮೇಲೆ ನಿಂತು ವಿವರಿಸುತ್ತಿದ್ದರು. ಬಿಳಿ ಕೂದಲು, ನೀಲಿ ಸ್ವೆಟರ್, ಊತಕ್ಕೆಂದು ಡಾಕ್ಟರು ಹಾಕಿಸುವ ಮೊಣಕಾಲುದ್ದದ ದಪ್ಪ ಕಾಲುಚೀಲ. ಮಣ್ಣಿನ ಬಣ್ಣದ್ದು. ಠಾಣೆಯ ಶೀತಲಪೆಟ್ಟಿಗೆಯಲ್ಲಿದ್ದ ಹನ್ನೊಂದೂ ಅದೇ ಬಗೆಯವು.

೧೯೬೧ರ ಆಗಸ್ಟಿನಲ್ಲಿ ಕಾಂಕ್ರೀಟು ಸುರಿಯುತ್ತಿದ್ದಾಗ ಇದೇ ಗುಳಿಯ ಮೇಲಿನ ತೊಲೆಯ ಮರದ ಅಚ್ಚು ಕುಸಿದುಬಿತ್ತು ಎಂದು ಅವರು ಹೇಳಿದರು. ಸುದ್ದಿ ತಿಳಿದು ಷಿಕಾಗೋದಿಂದ ಓಡಿಬಂದ ಹಾಲ್ವರ್ಸನ್ ಆ ರಾಶಿಯನ್ನು ನೋಡಿದರು, ಒಂದು ಹಲಗೆಯ ಮೇಲೆ ಕುಳಿತರು, ಜೇಬಿನಿಂದ ಸ್ಯಾಂಡ್‌ವಿಚ್ ತೆಗೆದರು.

"ಒಂದು ತುತ್ತು ಕಚ್ಚಿ ಹೇಳಿದ್ರಂತೆ, ಈ ತೊಲೆಗೆ ನನ್ನ ಡ್ರಾಯಿಂಗ್ ಇಷ್ಟ ಆಗ್ಲಿಲ್ಲ ಅಂತ ಕಾಣುತ್ತೆ ಅಂತ."

ಜನ ನಕ್ಕರು. ಆರ್ಡಿತ್ ಕೂಡ ನಕ್ಕರು. ಕೆಲಸ ನಿಂತದ್ದು ಬರೀ ಒಂಬತ್ತು ದಿನ ಎಂದು ಸೇರಿಸಿ ಮುಂದಿನ ಕೋಣೆಗೆ ನಡೆದರು.

ಬಸ್ಸು ಹೊರಟ ಮೇಲೆ ಬ್ರುಬೇಕರ್ ಕೀಸ್ಲಿಂಗ್‌ರನ್ನು ಕೇಳಿದರು: ಅಚ್ಚು ಕುಸಿದಾಗ ಯಾರಿಗಾದರೂ ಪೆಟ್ಟಾಗಿತ್ತೆ?

"ಒಬ್ಬ ಸತ್ತ ಅಂತ ಫೈಲಲ್ಲಿದೆ. ಯಾರೋ ಬಡಗಿ. ಮೊದ್ಲು ಅದನ್ನೂ ಹೇಳ್ತಿದ್ರು. ಏಪ್ರಿಲಲ್ಲಿ ಗೈಡ್‌ಗಳು ಹೇಳೋದನ್ನ ನಾನೇ ಹೊಸದಾಗಿ ಬರೆಸ್ದಾಗ ತೆಗೆಸ್ದೆ. ನೋಡೋಕೆ ಬಂದೋರ ಉತ್ಸಾಹ ಇಳಿದೋಗುತ್ತೆ ನೋಡಿ."

ಗೈಡ್‌ಗಳಿಗೆ ಕೊಟ್ಟ ಆ ಹೊಸ ಬರಹವನ್ನು ಬ್ರುಬೇಕರ್ ಕೇಳಿ ಪಡೆದರು. ಸ್ಯಾಂಡ್‌ವಿಚ್ಚಿನ ಸಾಲಿನ ಮುಂದೆ ಓರೆ ಅಕ್ಷರದಲ್ಲಿ ಅಚ್ಚಾಗಿತ್ತು: ಇಲ್ಲಿ ತುಸು ನಿಲ್ಲಿಸಿ, ಜನ ನಗುತ್ತಾರೆ. ಅವರು ಹೊರಗೆ ಬಂದು ಬಹಳ ಹೊತ್ತು ಗಾಳಿಗೆ ನಿಂತರು. 

ಅಂದೇ ಮಧ್ಯಾಹ್ನ ಪತ್ರಿಕಾ ಕಚೇರಿಯಲ್ಲಿ ೧೯೬೧ರ ಹಳೆಯ ಸಂಪುಟ ತೆಗೆಸಿದರು. ಆಗಸ್ಟ್ ೧೦ರ ಮೂರನೇ ಪುಟದಲ್ಲಿ ಎಂಟು ಸಾಲು. ಅಚ್ಚು ಕುಸಿದು ಹಸಿ ಕಾಂಕ್ರೀಟಿನಡಿ ಸಿಕ್ಕಿ ಸತ್ತವನು ಬಡಗಿ ವೆಂಡಲ್ ನಾಬ್, ವಯಸ್ಸು ಇಪ್ಪತ್ಮೂರು. ತಂದೆತಾಯಿ ಮತ್ತು ತಂಗಿಯನ್ನು ಅಗಲಿದ್ದಾನೆ. ತಂಗಿಯ ಹೆಸರು ಆರ್ಡಿತ್.

ಸೋಮವಾರ, ೨೦ನೇ ತಾರೀಕು, ಮಧ್ಯಾಹ್ನ ೨.೧೫. ಶೋಧನಾ ವಾರಂಟ್ ಹಿಡಿದು ಇಬ್ಬರೂ ಫೆಲ್ಟ್ನರ್ ಮನೆಯ ಬಾಗಿಲು ತಟ್ಟಿದರು. ಆರ್ಡಿತ್ ವಾರಂಟನ್ನು ಓದಲಿಲ್ಲ. ಗ್ಯಾರೇಜಿನ ಬೀಗದ ಕೈ ಟೀನಾಳ ಕೈಗಿತ್ತರು. ಅಲ್ಲಿ ಮುಚ್ಚಳವಿದ್ದ ಒಂದು ಬಕೆಟ್, ಸೋಂಪಿನ ಎಣ್ಣೆಯ ಸೀಸೆ, ಒಗೆದು ಮಡಿಸಿಟ್ಟ ಹಳೆಯ ಕಾಲುಚೀಲಗಳು ಸಿಕ್ಕವು. ಎಲ್ಲವನ್ನೂ ಮಹಜರಿಗೆ ಸೇರಿಸಲಾಯಿತು.

"ಕೂತ್ಕೋಪ್ಪ ಲೈಲ್," ಎಂದರು ಆರ್ಡಿತ್. "ನೀನು ಎರಡನೇ ಕ್ಲಾಸಲ್ಲಿದ್ದಾಗ ಆ ಗುಳೀಲೇ ಕಾಲು ಚಾಚ್ಕೊಂಡು ಮಲಗ್ತಿದ್ದೆ."

"ಮಿಸೆಸ್ ಫೆಲ್ಟ್ನರ್, ಸುಮ್ಮನಿರೋ ಹಕ್ಕು ನಿಮಗಿದೆ. ವಕೀಲರನ್ನೂ ಕರೆಸ್ಕೋಬಹುದು."

"ವಕೀಲ ಯಾಕೆ, ನಾನೇ ಮಾಡಿದ್ದು. ಬೆಳಿಗ್ಗೆ ಎಲ್ಲರಿಗಿಂತ ಮೊದ್ಲು ಹೋಗಿ ಬಾಗಿಲು ತೆಗೀತಿದ್ದೆ. ಅಲ್ಲಿ ಯಾರೂ ಆರಾಮಾಗಿ ಕೂರಬಾರದು ಅನ್ನಿಸ್ತು."

ಹತ್ತೊಂಬತ್ತು ವರ್ಷ ಸುಮ್ಮನಿದ್ದು ಈಗೇಕೆ ಎಂದು ಬ್ರುಬೇಕರ್ ಕೇಳಿದರು. ಮೊದಲೆಲ್ಲ ಒಬ್ಬ ಕೆಲಸಗಾರ ಇಲ್ಲಿ ಪ್ರಾಣ ಕೊಟ್ಟ ಎಂದು ಹೇಳುತ್ತಿದ್ದೆ, ಆ ಒಂದು ಸಾಲಿಗಾಗಿಯೇ ಈ ಕೆಲಸಕ್ಕೆ ಸೇರಿದ್ದು ಎಂದರು ಆರ್ಡಿತ್. ತಾನು ಅವನ ತಂಗಿ ಎಂದು ಯಾರಿಗೂ ಹೇಳಿರಲಿಲ್ಲ; ಹೇಳಿದರೆ ಕನಿಕರಕ್ಕೆ ಇಟ್ಟುಕೊಂಡಂತಾಗುತ್ತದೆ. ಏಪ್ರಿಲ್‌ನಲ್ಲಿ ಹೊಸ ಬರಹ ಕೈಗೆ ಬಂತು. ಇದನ್ನು ಹೇಳಲಾರೆ ಎಂದು ತಿಳಿಸಲು ಕೀಸ್ಲಿಂಗ್ ಕೋಣೆಯವರೆಗೆ ಹೋಗಿ, ಹೇಳದೆ ವಾಪಸು ಬಂದರು.

"ಮೊದಲ್ನೇ ದಿನ ಆ ಸ್ಯಾಂಡ್‌ವಿಚ್ ಮಾತು ಹೇಳ್ದೆ. ಜನ ನಕ್ರು. ನಾನೂ ನಕ್ಕೆ ಲೈಲ್. ಯಾರೂ ಬಲವಂತ ಮಾಡಿರ್ಲಿಲ್ಲ, ತಾನಾಗೇ ಬಂತು. ಮನೆಗೆ ಬಂದು ಬಾಯಿ ತೊಳ್ಕೊಂಡೆ, ಹೋಗ್ಲಿಲ್ಲ. ಆಮೇಲೆ ಬೇಸಿಗೆ ಪೂರ್ತಿ ವಾರಕ್ಕೆ ಎರಡು ಸಲ ನಕ್ಕಿದೀನಿ."

"ಪಾರ್ ತಿಯಾಲ್‌ನ ಕೆಲಸದಿಂದ ತೆಗೆದಾಗ?"

ಆರ್ಡಿತ್ ಸ್ವೆಟರಿನ ತೋಳನ್ನು ಮಣಿಕಟ್ಟಿನವರೆಗೆ ಎಳೆದುಕೊಂಡರು.

"ಅಲ್ಲೇ ನಿಂತಿದ್ದೆ. ಡಬ್ಬಿ ಬಿಚ್ಚಿಸಿದ್ದನ್ನ ನೋಡ್ದೆ."

"ನೀವೇನೂ ಹೇಳ್ಲಿಲ್ಲ."

"ಹೇಳ್ಲಿಲ್ಲ."

"ಅದಾದ್ಮೇಲೂ ಇನ್ನೊಂದು ಚೀಲ ಇಟ್ರಿ."

"ಇಟ್ಟೆ."

ಬ್ರುಬೇಕರ್ ಟಿಪ್ಪಣಿ ಪುಸ್ತಕ ಮುಚ್ಚಿದರು. ಈ ಹೆಂಗಸಿನ ಮೇಲೆ ಕನಿಕರ ಪಡಬೇಕೆಂದು ಬೆಳಿಗ್ಗೆಯಿಂದ ಮನಸ್ಸು ಸಿದ್ಧಮಾಡಿಕೊಂಡು ಬಂದಿದ್ದರು. ಕನಿಕರ ಬಂದಿತ್ತು. ಅದರ ಜೊತೆಗೇ ಗಾಳಿಕೊಳವೆಯ ತಳದ ಅಂಟಿನಂಥ ಹೇಸಿಗೆಯೂ. ೨.೫೦ಕ್ಕೆ ಬಂಧನದ ಕಾಗದಕ್ಕೆ ಸಹಿ ಹಾಕಿದರು. ಎಪ್ಪತ್ತೆರಡರ ಆ ಮಣಿಕಟ್ಟುಗಳಿಗೆ ಕೋಳ ಹಾಕಲಿಲ್ಲ. ಟೀನಾ ತೋಳು ಹಿಡಿದು ಕಾರಿನಲ್ಲಿ ಕೂರಿಸಿದಳು.

ಠಾಣೆಯಲ್ಲಿ ಹೇಳಿಕೆ ದಾಖಲಾಯಿತು. ಅಷ್ಟರಲ್ಲಿ ಕೀಸ್ಲಿಂಗ್ ಎರಡು ಸಲ ಫೋನ್ ಮಾಡಿ, ಗೈಡ್ ಹೆಸರು ಪತ್ರಿಕೆಗೆ ಹೋಗದಂತೆ ನೋಡಿಕೊಳ್ಳಲು ಕೇಳಿಕೊಂಡಿದ್ದರು. ಪಾರ್ ಬಗ್ಗೆ ಕೇಳಿದ್ದಕ್ಕೆ, ಬೇಕಾದರೆ ಮತ್ತೆ ಅರ್ಜಿ ಹಾಕಿಕೊಳ್ಳಲಿ ಎಂದರು. ಬ್ರುಬೇಕರ್ ಅದನ್ನು ಪಾರ್‌ಗೆ ತಿಳಿಸಲಿಲ್ಲ. ಅವಳ ಮೇಲಿನ ಅನುಮಾನ ಸುಳ್ಳೆಂದು ಸಾಬೀತಾಗಿದೆ ಎಂಬ ಪತ್ರವನ್ನು ಠಾಣೆಯ ಮುದ್ರೆ ಒತ್ತಿ ಅವಳಿಗೂ ಪತ್ರಿಕೆಗೂ ತಾವೇ ಕಳಿಸಿದರು.

೪.೨೦ಕ್ಕೆ ಟೀನಾ ಹೇಳಿಕೆಯನ್ನು ಓದಿ ಕೇಳಿಸಿದಳು. ಸೇರಿಸುವುದು ಏನಾದರೂ ಇದೆಯೇ ಎಂದು ನಿಯಮದಂತೆ ಕೇಳಿದಳು.

"ಅಣ್ಣನ ಹೆಸರು ತಪ್ಪಾಗಿ ಬರೆದಿದೀಯಮ್ಮ," ಎಂದರು ಆರ್ಡಿತ್. "ನಾಬ್ ಅನ್ನೋಕೆ ಮುಂಚೆ ಒಂದು 'ಕೆ' ಅಕ್ಷರ ಇದೆ. ಹೇಳ್ದಾಗ ಕೇಳ್ಸಲ್ಲ. ಬರಿ."

ಟೀನಾ ಹೊಡೆದುಹಾಕಿ ಮತ್ತೆ ಬರೆದಳು.