ಒಂದೇ ಶ್ರುತಿಯ ಪಿಯಾನೋ

"ಬಾಯಿ ಬಿಡ್ರಿ ಮೇಷ್ಟ್ರೇ. ಮುನ್ನೂರು ಜನರ ಮುಂದೆ ನನ್ನ ಮಾನ ಕಳೆದ್ರಲ್ಲ, ಈಗ ಯಾಕೆ ಸುಮ್ಮನೆ ನಿಂತಿದ್ದೀರಿ?"

ತಿಮ್ಮರಾಯಪ್ಪ ತಲೆ ಎತ್ತಲಿಲ್ಲ.

"ಕುರಿ ಕಾಯೋರ ಕಿವೀನ ನಂಬಿ ಪಿಯಾನೋ ಒಪ್ಪಿಸಿದೆ ನೋಡಿ, ನಂದೇ ತಪ್ಪು."

ಆಗ ಎತ್ತಿದ.

"ಇನ್ನೂರು ಮರೀಲಿ ಯಾವ ಮರಿ ಕೂಗ್ತು ಅಂತ ಕಣ್ಣು ಮುಚ್ಕಂಡು ಹೇಳೋ ಕಿವಿ ಅದು. ಅದನ್ನ ಬೈಬ್ಯಾಡ್ರಿ. ಬೈಯೋದಾದ್ರೆ ನನ್ನ ಬೈರಿ."

ದಾಕ್ಷಾಯಣಿಗೆ ಅವನ ಕೆನ್ನೆಗೆ ಬಾರಿಸಬೇಕೆನಿಸಿತು. ಅದೇ ಕೆನ್ನೆಯನ್ನು ಒಮ್ಮೆ ಮುಟ್ಟಿ ನೋಡಬೇಕೆಂದು ಎರಡು ವರ್ಷದಿಂದ ಆಸೆಪಟ್ಟವಳೂ ಅವಳೇ...

ಚಿತ್ರದುರ್ಗದ ಎಣ್ಣೆ ಮಿಲ್ಲಿನ ಮುರುಗಪ್ಪನವರ ಮನೆಯ ಪಡಸಾಲೆ ಅದು. ಪುರಭವನದಿಂದ ಎತ್ತಿನ ಗಾಡಿಯಲ್ಲಿ ವಾಪಸ್ ಬಂದ ಪಿಯಾನೋಗೆ ಕಟ್ಟಿದ್ದ ಹಗ್ಗವನ್ನು ಇನ್ನೂ ಯಾರೂ ಬಿಚ್ಚಿರಲಿಲ್ಲ. ಒಳಗೆ ಅಪ್ಪ ಬಾಗಿಲು ಹಾಕಿಕೊಂಡಿದ್ದರು. ಅಡುಗೆಮನೆಯಲ್ಲಿ ಅವ್ವ ಅನ್ನಪೂರ್ಣಮ್ಮ ಸದ್ದಿಲ್ಲದೆ ಅಳುತ್ತಿದ್ದಳು.

ಆ ಪಿಯಾನೋ ಮಿಷನ್ ಶಾಲೆಯ ದೊರೆಸಾನಿಯದು. ದಾಕ್ಷಾಯಣಿಗೆ ಹನ್ನೊಂದು ವರ್ಷ ಪಾಠ ಹೇಳಿ, ಊರು ಬಿಡುವಾಗ ಅವಳಿಗೇ ಕೊಟ್ಟು ಹೋಗಿದ್ದಳು. ಈಗ ದಾಕ್ಷಾಯಣಿಗೆ ಇಪ್ಪತ್ತಾರು. ಆಫೀಸರುಗಳ ಮಕ್ಕಳಿಗೆ ಬೆರಳು ತಿದ್ದಿ ಪಾಠ ಹೇಳುವ ಟೀಚರಮ್ಮ. ಆದರೆ ಅವಳಿಗೆ ಬೇಕಾಗಿದ್ದದ್ದು ವೇದಿಕೆ. ದೊಡ್ಡ ಊರು, ದೊಡ್ಡ ಪಿಯಾನೋ, ಉಸಿರು ಬಿಗಿಹಿಡಿದು ಕೇಳುವ ಜನ.

ತಿಮ್ಮರಾಯಪ್ಪ ಹರಿಯಬ್ಬೆಯ ಕುರಿ ಕಾಯುವವರ ಮನೆಯವನು, ನಾಟಕ ಕಂಪನಿಯ ಹಾರ್ಮೋನಿಯಂ ಮೇಷ್ಟ್ರು. ಒಂದು ದಿನ ಪಿಯಾನೋದೊಳಗೆ ತಂತಿಗೆ ಬಡಿಯುವ ಮುರಿದ ಸುತ್ತಿಗೆಗೆ ಬಿದಿರಿನ ಕಡ್ಡಿ ಕಟ್ಟಿಕೊಡಲು ಬಂದವನು ಆಮೇಲೆ ವಾರ ವಾರ ಬಂದ. ರಿಪೇರಿಗೆ ಏನೂ ಇಲ್ಲದಿದ್ದಾಗಲೂ ಬಂದ. ಇಬ್ಬರೂ ಬಾಯಿಬಿಟ್ಟು ಏನೂ ಹೇಳಿಕೊಳ್ಳಲಿಲ್ಲ. ಅವಳು ನುಡಿಸುತ್ತಿದ್ದಳು, ಅವನು ಹೊಸ್ತಿಲ ಹತ್ತಿರ ಕೂತು ಕೇಳುತ್ತಿದ್ದ. ಅಷ್ಟೇ. ಅಷ್ಟೇ ಸಾಕಾಗಿತ್ತು ಎಂದು ಅವಳು ತನಗೆ ತಾನೇ ಸುಳ್ಳು ಹೇಳಿಕೊಂಡಿದ್ದಳು.

ಬೆಂಗಳೂರಿನ ಸಂಗೀತ ಶಾಲೆಯೊಂದರ ಮಿಸ್ ಪಿಂಟೋ ಅವಳ ಕಛೇರಿ ಕೇಳಲು ಬರುತ್ತೇನೆಂದು ಕಾಗದ ಬರೆದಾಗ ಅಪ್ಪ ಒಂದೇ ಮಾತು ಹೇಳಿದ್ದರು. ಆ ಯಮ್ಮ ಒಪ್ಪಿದರೆ ಬೆಂಗಳೂರು. ಒಪ್ಪದಿದ್ದರೆ ಹೊಳಲ್ಕೆರೆಯ ಕೊಬ್ಬರಿ ಮಂಡಿಯವರ ಸೊಸೆ. ದಾಕ್ಷಾಯಣಿ ಹೂಂ ಎಂದಿದ್ದಳು. ಹೊಳಲ್ಕೆರೆಯ ಮಾತನ್ನು ತಿಮ್ಮರಾಯಪ್ಪನಿಗೆ ಮಾತ್ರ ಹೇಳಿರಲಿಲ್ಲ. ಹೇಳಿದರೆ ಅವನ ಮುಖ ನೋಡಬೇಕಾಗುತ್ತದಲ್ಲ!

ಶ್ರುತಿ ಮಾಡಲು ಬೆಂಗಳೂರಿನಿಂದ ಬರಬೇಕಾದವನು ಕೈಕೊಟ್ಟ. ಆಗ ಅವಳೇ ತಿಮ್ಮರಾಯಪ್ಪನನ್ನು ಕೇಳಿಕೊಂಡಳು. ಅವನು ಕಮ್ಮಾರನ ಹತ್ತಿರ ತಂತಿ ತಿರುಪುವ ಒಂದು ಕೀಲಿ ಮಾಡಿಸಿಕೊಂಡು, ಪಿಯಾನೋ ಸಾಗಿಸಿದ್ದ ಪುರಭವನದಲ್ಲಿ ನಾಲ್ಕು ಹಗಲು ಕೂತು ಒಂದೊಂದೇ ತಂತಿ ಬಿಗಿದ. ಮದುವೆಯಾಗದ ಹುಡುಗಿ ಕಛೇರಿಗೆ ಮುಂಚೆ ಅಲ್ಲಿಗೆ ಹೋಗಿ ಕೂರುವುದು ಬೇಡ ಎಂದರು ಅಪ್ಪ. ಅವಳು ಮನೆಯಲ್ಲಿ ಊಟದ ಮೇಜಿನ ಮೇಲೆ ಬೆರಳು ಆಡಿಸಿ ಅಭ್ಯಾಸ ಮಾಡಿದಳು.

ಕಛೇರಿಯ ದಿನ ಮೊದಲನೆಯ ತುಣುಕು ನುಡಿಸುವಾಗ ಅವಳ ಮೈ ಜುಮ್ಮೆಂದಿತು. ಅಷ್ಟು ಸಿಹಿಯಾದ ನಾದ ಆ ಪಿಯಾನೋದಿಂದ ಎಂದೂ ಬಂದಿರಲಿಲ್ಲ. ಎರಡನೆಯದು ಬೇರೆ ಮನೆಯಿಂದ, ಎಂದರೆ ಬೇರೊಂದು ಸ್ವರವನ್ನು ಷಡ್ಜವಾಗಿಟ್ಟುಕೊಂಡು, ಶುರುವಾಗುವ ತುಣುಕು. ನಾಲ್ಕು ಸ್ವರ ಒಟ್ಟಿಗೆ ಒತ್ತಿದಳು... ನಾಯಿಗಳು ಊಳಿಟ್ಟಂತಾಯಿತು. ಮುಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಆಮೇಲೆ ಇಡೀ ಭವನ ನಕ್ಕಿತು.

ಪಿಯಾನೋದಲ್ಲಿ ಯಾವ ಮನೆಯಿಂದ ಹೊರಟರೂ ದಾರಿ ಸರಿಹೋಗಬೇಕು. ಅದಕ್ಕಾಗಿ ಪ್ರತಿ ಸ್ವರವನ್ನೂ ಕೂದಲೆಳೆಯಷ್ಟು ತಪ್ಪಾಗಿಯೇ ಇಟ್ಟಿರುತ್ತಾರೆ. ತಿಮ್ಮರಾಯಪ್ಪನ ಕಿವಿಗೆ ಆ ತಪ್ಪು ಮುಳ್ಳಿನಂತೆ ಚುಚ್ಚಿತು. ಹಾಡುವವರ ಒಂದು ಶ್ರುತಿಗೆ ಹಾರ್ಮೋನಿಯಂ ಕೂರಿಸಿ ಬೆಳೆದವನು ಅವನು. ಪಿಯಾನೋವನ್ನೂ ಒಂದೇ ಶ್ರುತಿಗೆ ಕೂರಿಸಿಬಿಟ್ಟಿದ್ದ.

ಮಿಸ್ ಪಿಂಟೋ ಹೊರಡುವಾಗ ಅಪ್ಪನಿಗೆ ಹೇಳಿದ್ದು ಇಷ್ಟೇ. ಬೆರಳು ಚೆನ್ನಾಗಿವೆ, ಆದರೆ ತನ್ನ ವಾದ್ಯವನ್ನೇ ನೋಡಿಕೊಳ್ಳದೆ ಬಂದು ಕೂರುವವರಿಗೆ ವೇದಿಕೆ ಕೊಡಲಾರೆ.

"ಗೊತ್ತಿಲ್ದೆ ಮಾಡಿದೆ ಅಂತ ಒಂದ್ಸಲ ಹೇಳ್ರಿ," ಎಂದಳು ದಾಕ್ಷಾಯಣಿ. ಅವಳ ಸಿಟ್ಟು ಸೋಲತೊಡಗಿತ್ತು. "ಅಷ್ಟು ಹೇಳ್ರಿ, ಸಾಕು. ನಂಬ್ತೀನಿ."

ಅವನು ಸುಳ್ಳು ಹೇಳಬಹುದಿತ್ತು. ಹೇಳಿದ್ದರೆ ಈ ಕಥೆ ಬೇರೆಯೇ ಆಗುತ್ತಿತ್ತು.

"ಮೂರು ದಿನ ಗೊತ್ತಿರ್ಲಿಲ್ಲ," ಎಂದ. "ನಾಲ್ಕನೇ ದಿನ ನೀವು ನುಡಿಸೋ ಎರಡನೇದನ್ನ ನೆನಪು ಮಾಡ್ಕಂಡು ಒತ್ತಿ ನೋಡ್ದೆ. ಊಳಿಡ್ತು. ಕಛೇರಿ ಸಂಜೆಗೆ, ಮಧ್ಯಾಹ್ನ ಇನ್ನೂ ಆಗಿರ್ಲಿಲ್ಲ. ಓಡಿ ಬಂದು ಹೇಳಿದ್ರೆ ಕಛೇರಿ ಮುಂದಕ್ಕೆ ಹಾಕ್ಬೋದಿತ್ತು."

"ಮತ್ತೆ ಯಾಕೆ..."

"ಹೇಳಾಕೆ ಅಂತ್ಲೇ ಎದ್ದೆ. ಅಷ್ಟ್ರಲ್ಲಿ ನೀವೇ ಬಂದ್ರಿ, ಅಪ್ಪಾರ ಜೊತೆ, ಆ ಯಮ್ಮನ್ನ ಭವನ ತೋರ್ಸಾಕೆ. ಬಾಗಿಲಲ್ಲೇ ನಿಂತ್ರಿ. ಇವ್ರು ಯಾರು ಅಂತ ಆ ಯಮ್ಮ ಕೇಳಿದ್ಲು."

ದಾಕ್ಷಾಯಣಿಗೆ ತಾನು ಕೊಟ್ಟ ಉತ್ತರ ನೆನಪಾಯಿತು.

ನಮ್ಮ ಮನೆ ಕೆಲಸದೋನು, ಎಂದಿದ್ದಳು ಅವಳು. ಪಕ್ಕದಲ್ಲಿ ಅಪ್ಪ ನಿಂತಿದ್ದರು. ಅದಕ್ಕೇ ಹಾಗೆ ಹೇಳಿದ್ದು... ಅದಕ್ಕೇ ಏನು? ಅಪ್ಪ ಇಲ್ಲದಿದ್ದರೆ ಬೇರೆ ಏನಾದರೂ ಹೇಳುತ್ತಿದ್ದಳೇ?

"ಸುಮ್ನೆ ಕುಂತ್ಕಂಡೆ," ಎಂದ ತಿಮ್ಮರಾಯಪ್ಪ. "ಇವಳು ಬೆಂಗ್ಳೂರಿಗೆ ಹೋದ್ರೆ ನನ್ನ ಹೆಸರೂ ಮರೀತಾಳೆ, ಹೋಗೋದೇ ಬ್ಯಾಡ ಅನ್ಸ್ತು. ಹೊಟ್ಟೆಕಿಚ್ಚು. ಆಸೆ. ಏನಾದ್ರೂ ಅನ್ರಿ. ನಂಗೆ ನೀವು ಬೇಕಾಗಿತ್ತು."

ಎರಡು ವರ್ಷ ಕಾದ ಮಾತು ಬಂದೇ ಬಂತು. ಎಂಥ ಹೊತ್ತಿನಲ್ಲಿ ಬಂತು!

ಹೊಳಲ್ಕೆರೆಯ ವಿಷಯವನ್ನು ಅವಳು ಆಗ ಹೇಳಿದಳು. ಬರುವ ಸೋಮವಾರ ವೀಳ್ಯ ಶಾಸ್ತ್ರ ಎಂದಳು. ತಿಮ್ಮರಾಯಪ್ಪ ಅವಳನ್ನು ಉಳಿಸಿಕೊಳ್ಳಲು ಹೋಗಿ ತನ್ನ ಕೈಯಾರೆ ಬೇರೆಯವನಿಗೆ ಒಪ್ಪಿಸಿದ್ದ. ಅವನ ಆ ಮುಖ ನೋಡಿ ಅವಳಿಗೆ ಸಮಾಧಾನವಾಯಿತು. ಹೌದು, ಸಮಾಧಾನವೇ. ಪ್ರೀತಿಸುವವರು ಅಷ್ಟು ಕ್ರೂರಿಗಳಾಗಬಲ್ಲರು.

ಆಮೇಲೆ ಅವಳು ಒಳಗೆ ಹೋಗಿ ನಾಲ್ಕು ಸೀರೆ, ಸ್ವರಪುಸ್ತಕಗಳನ್ನು ಚೀಲಕ್ಕೆ ತುಂಬಿಕೊಂಡು ಬಂದಳು. ಅವ್ವ ಸೆರಗು ಹಿಡಿದಳು. ಬಿಡಿಸಿಕೊಂಡಳು. ಮಿಸ್ ಪಿಂಟೋ ಮನೆ ಬಾಗಿಲಲ್ಲೇ ಕೂರುತ್ತೇನೆ, ಅವರ ಪಿಯಾನೋದಲ್ಲೇ ನುಡಿಸುತ್ತೇನೆ, ಆಗ ಹೇಳಲಿ, ಎಂದಳು.

"ನಾನೂ ಬರ್ತೀನಿ," ಎಂದ ತಿಮ್ಮರಾಯಪ್ಪ. "ತಪ್ಪು ನಂದು ಅಂತ ಆ ಯಮ್ಮನಿಗೆ ಹೇಳ್ತೀನಿ."

"ಯಾರು ಅಂತ ಬರ್ತೀರಿ?"

"ಮನೆ ಕೆಲಸದೋನು ಅಂತ್ಲೇ ಬರ್ತೀನಿ. ನಡೀರಿ, ಹೋಗಾಣ."

ಅವಳ ಕಣ್ಣು ತುಂಬಿ ಬಂತು. ಕೈ ತಾನಾಗಿ ಮೇಲೆದ್ದು ಅವನ ಕೆನ್ನೆಯನ್ನು ಮುಟ್ಟಿತು. ಒರಟು ಗಡ್ಡ, ಬಿಸಿ.

"ನೀವು ಬಂದ್ರೆ ನಾನು ಕ್ಷಮಿಸ್ಬಿಡ್ತೀನಿ ಮೇಷ್ಟ್ರೇ," ಎಂದಳು. "ಕ್ಷಮಿಸಿದ್ರೆ ಬೆಂಗ್ಳೂರು ದಾರೀಲಿ ಹಿರಿಯೂರು ದಾಟಲ್ಲ. ಅಲ್ಲೇ ಇಳ್ದು ನಿಮ್ಮ ಜೊತೆ ಹರಿಯಬ್ಬೆಗೆ ಬಂದ್ಬಿಡ್ತೀನಿ."

"ಬಾ ಮತ್ತೆ," ಎಂದ ಅವನು, ಮೊದಲ ಸಲ ಬಹುವಚನ ಬಿಟ್ಟು.

ಅವಳು ಕೈ ತೆಗೆದಳು. ಚೀಲ ಎತ್ತಿಕೊಂಡು ಹೊಸ್ತಿಲು ದಾಟಿ, ಬಿಸಿಲಿಗಿಳಿದು, ಬಸ್ ಸ್ಟ್ಯಾಂಡಿನ ಕಡೆಗೆ ನಡೆದಳು. ಅವನು ಹೊಸ್ತಿಲ ಹತ್ತಿರವೇ ಕೂತ. ಸಂಜೆಯವರೆಗೂ ಅವನನ್ನು ಏಳು ಎನ್ನುವ ಧೈರ್ಯ ಆ ಮನೆಯಲ್ಲಿ ಯಾರಿಗೂ ಬರಲಿಲ್ಲ.

ದಾಕ್ಷಾಯಣಿ ತಿರುಗಿ ಬರಲಿಲ್ಲ.